ಹಾಡಿನ ಹಾಳೆಯ ಸಣ್ಣಕ್ಷರ



ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಲಂಡನ್ನಿಗೆ ಹೊರಟಾಗ ಜೊತೆಗೆ ನಾನೂ ಹೊರಟೆ. ಹೋದ ಮೇಲೆ ಗೊತ್ತಾಯಿತು, ಬಾಣಂತಿ ಇರುವ ಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು. ಮಗುವಿಗೆ ಎಣ್ಣೆ ಒತ್ತಿ ನೀರು ಹಾಕಲು ಬರುವುದಿಲ್ಲ, ಮೆಣಸಿನ ಸಾರು ಮಾಡಲು ಬರುವುದಿಲ್ಲ, ಜೋರಾಗಿ ಸೀನಿದರೆ ಮಗು ಏಳುತ್ತದೆ. "ರೀ, ಒಂದಿಷ್ಟು ತಿರುಗಾಡಿಕೊಂಡು ಬನ್ನಿ" ಎಂದು ಹೆಂಡತಿ ಬೆಳಗಿನ ಕಾಫಿಯ ಜೊತೆಗೇ ನನ್ನ ಕೋಟನ್ನೂ ಕೈಗೆ ಕೊಡುತ್ತಿದ್ದಳು.

ಹಾಗೆ ತಿರುಗಾಡುವಾಗ ಒಂದು ದಿನ ಒಂದು ಅಂಗಡಿಗೆ ನುಗ್ಗಿದೆ. ಜನ ದಾನವಾಗಿ ಕೊಟ್ಟ ಹಳೆ ಸಾಮಾನು ಮಾರುವ ಅಂಗಡಿ. ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸಂಗೀತದ ಹಾಳೆಗಳಿದ್ದವು. ಗ್ರಾಮಫೋನ್ ಬರುವ ಮೊದಲು ಆ ದೇಶದಲ್ಲಿ ಹಾಡು ಮನೆಗೆ ಬರುತ್ತಿದ್ದದ್ದು ಹೀಗೆ, ಸ್ವರಲಿಪಿ ಅಚ್ಚಾದ ನಾಲ್ಕು ಪುಟಗಳಾಗಿ. ಮನೆಯ ಹೆಣ್ಣುಮಗಳು ಪಿಯಾನೋ ಮುಂದೆ ಕೂತು ನುಡಿಸಿದರೆ ಉಳಿದವರು ದನಿಗೂಡಿಸುತ್ತಿದ್ದರು. ನನ್ನ ಕೈಗೆ ಸಿಕ್ಕಿದ ಹಾಳೆಯ ಹಾಡಿನ ಹೆಸರು 'ಕಿಲಾರ್ನಿ'. ಐರ್ಲೆಂಡಿನ ಕೆರ್ರಿ ಜಿಲ್ಲೆಯ ಸರೋವರಗಳ ಊರು ಅದು. ರಾಗ ಹಾಕಿದ ಬಾಲ್ಫ್ ಅವರ ಹೆಸರು ಹೆಬ್ಬೆರಳಿನ ದಪ್ಪದ ಅಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಬೇಕಾದ ಅಕ್ಷರದಲ್ಲಿ, ಪದಗಳು ಎಡ್ಮಂಡ್ ಫಾಲ್ಕನರ್ ಅವರವು ಎಂದಿತ್ತು. ಒಂದು ಪೌಂಡ್ ಕೊಟ್ಟು ಕೊಂಡೆ. ಆ ಸಣ್ಣಕ್ಷರದ ಮನುಷ್ಯನ ಬೆನ್ನು ಹತ್ತಿ ಆರು ತಿಂಗಳು ಕಳೆದೆ.

ಬಾಲ್ಫ್ ಯಾರು ಎಂದು ಹುಡುಕುವ ಕಷ್ಟವಿಲ್ಲ. ಮೈಕೇಲ್ ವಿಲಿಯಂ ಬಾಲ್ಫ್ 1808ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವರು, 1843ರ 'ದಿ ಬೊಹೀಮಿಯನ್ ಗರ್ಲ್' ಆಪೆರಾದಿಂದ ಯೂರೋಪಿಗೆಲ್ಲ ಪರಿಚಿತರಾದವರು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ 1874ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಫಾಲ್ಕನರ್ ವಿಷಯಕ್ಕೆ ಬಂದರೆ, ಬ್ರಿಟನ್ನಿನ ರಾಷ್ಟ್ರೀಯ ಚರಿತ್ರಕೋಶವಿದೆಯಲ್ಲ, 63 ಸಂಪುಟಗಳ ದೊಡ್ಡ ಗ್ರಂಥ, ಅದರ 1889ರ ಸಂಪುಟದಲ್ಲಿ ಒಂದು ಚಿಕ್ಕ ಬರಹ ಇದೆ. ಅದರ ಮೊದಲ ಸಾಲಿಗೇ ನನಗೆ ಪೆಟ್ಟು ಬಿತ್ತು. ಫಾಲ್ಕನರ್ ಎಂಬುದು ರಂಗದ ಮೇಲಿನ ಹೆಸರು. ಹುಟ್ಟಿದಾಗ ಅವರು ಎಡ್ಮಂಡ್ ಓರೂರ್ಕ್. ಊರು ಡಬ್ಲಿನ್, ವರ್ಷ ಸುಮಾರು 1814.

ಎರಡು ಹೆಸರಿನ ಮನುಷ್ಯನನ್ನು ಹುಡುಕುವುದು ಎಂದರೆ ಇಬ್ಬರನ್ನು ಹುಡುಕಿದಂತೆ. ಫಾಲ್ಕನರ್ ಎಂದರೆ ಇಂಗ್ಲಿಷಿನಲ್ಲಿ ಡೇಗೆ ಪಳಗಿಸುವವನು ಎಂಬ ಅರ್ಥವೂ ಇದೆ. ಹಳೆಯ ಪತ್ರಿಕೆಗಳನ್ನು ಈಗ ಗಣಕಕ್ಕೆ ಏರಿಸಿದ್ದಾರೆ, ಹೆಸರು ಹೊಡೆದರೆ ಸಾಕು ಪುಟ ಬರುತ್ತದೆ ಎಂದು ಅಳಿಯ ಹೇಳಿಕೊಟ್ಟ. ಹೊಡೆದೆ. ಹಕ್ಕಿ ಬೇಟೆಯ ಸುದ್ದಿ ಬಂತು, ಸ್ಕಾಟ್ಲೆಂಡಿನ ಫಾಲ್ಕನರ್ ಮನೆತನದವರ ಮದುವೆ ಮರಣ ಬಂತು, ಇವರೊಬ್ಬರು ಮಾತ್ರ ಬೇಗ ಬರಲಿಲ್ಲ. ಇನ್ನು ಓರೂರ್ಕ್ ಎಂದು ಹುಡುಕಿದರೆ, ಅದನ್ನು ಬರೆಯುವ ರೀತಿ ಒಂದೇ? ಓರೋರ್ಕ್, ಓರುವಾರ್ಕ್, ಮುಂದಿನ 'ಓ' ಬಿಟ್ಟು ಬರೀ ರೂರ್ಕ್. ನಮ್ಮಲ್ಲಿ ರೆವಿನ್ಯೂ ದಾಖಲೆಯಲ್ಲಿ ತಿಮ್ಮಯ್ಯ, ತಿಮ್ಮೇಗೌಡ, ತಿಮ್ಮ ಬಿನ್ ಕೆಂಚ ಎಂದು ಒಬ್ಬನೇ ಮೂವರಾಗಿರುತ್ತಾನಲ್ಲ, ಹಾಗೆ.

ಡಬ್ಲಿನ್ನಿನ ಕಡೆಯಿಂದ ಹುಡುಕೋಣವೆಂದರೆ ಅಲ್ಲಿ ಬೂದಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐರ್ಲೆಂಡಿನಲ್ಲಿ ಎಲ್ಲರ ಜನನ ಮರಣಗಳನ್ನು ಸರ್ಕಾರ ನೋಂದಾಯಿಸಲು ಶುರುಮಾಡಿದ್ದೇ 1864ರಲ್ಲಿ. ಅದಕ್ಕೂ ಹಿಂದಿನವರಿಗೆ ಜನಗಣತಿಯೇ ಗತಿ. 1821ರಿಂದ 1851ರವರೆಗಿನ ನಾಲ್ಕು ಗಣತಿಗಳ ಹಾಳೆಗಳು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆ ಕಚೇರಿಯಲ್ಲಿದ್ದವು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಆ ಕಟ್ಟಡ ಸ್ಫೋಟಿಸಿ ಹೊತ್ತಿ ಉರಿಯಿತು. ಏಳು ಶತಮಾನಗಳ ಕಾಗದಗಳು ಸುಟ್ಟವು, ಅರ್ಧ ಬೆಂದ ಚೂರುಗಳು ಊರಿನ ಮೇಲೆಲ್ಲ ಹಾರಿ ಬಿದ್ದವು. ಮುಂದಿನ ನಾಲ್ಕು ಗಣತಿಗಳಿಗೆ ಬೆಂಕಿಯೂ ಬೇಕಾಗಲಿಲ್ಲ. 1861 ಮತ್ತು 1871ರವನ್ನು ಲೆಕ್ಕ ತೆಗೆದ ಮೇಲೆ ಸರ್ಕಾರವೇ ನಾಶ ಮಾಡಿತ್ತು, 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಅರೆದು ಕಾಗದದ ತಿರುಳು ಮಾಡಿತ್ತು. ಬೆಂಕಿಗಿಂತ ನನಗೆ ಈ ಗುಮಾಸ್ತಗಿರಿಯ ಮೇಲೆಯೇ ಹೆಚ್ಚು ಸಿಟ್ಟು. ಆ ಬೆಂಕಿ ಬಿದ್ದು ನೂರು ವರ್ಷ ತುಂಬಿದ ದಿನಗಳಲ್ಲಿ, 2022ರಲ್ಲಿ, ಬೇರೆ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಕೂಡಿಸಿ ಗಣಕದಲ್ಲಿ ಆ ದಾಖಲೆ ಮನೆಯನ್ನು ಮತ್ತೆ ಕಟ್ಟುವ ಕೆಲಸವನ್ನು ಐರಿಷ್ ವಿದ್ವಾಂಸರು ಲೋಕಕ್ಕೆ ತೆರೆದಿಟ್ಟರು.

ಉಳಿದದ್ದು ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು. ಕ್ಯಾಥೊಲಿಕ್ ಚರ್ಚುಗಳ ಹಳೆಯ ಪುಸ್ತಕಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ನೋಡಲು ಬಿಟ್ಟಿದೆ. ಮಗು ಮಲಗಿದ್ದಾಗ ಅಡಿಗೆಮನೆಯ ಮೇಜಿನ ಮೇಲೆ ಅಳಿಯನ ಗಣಕ ಇಟ್ಟುಕೊಂಡು ನಾನು ಪುಟ ತಿರುವುತ್ತಿದ್ದೆ. ಶಾಯಿ ಒಂದು ಪುಟದಿಂದ ಇನ್ನೊಂದಕ್ಕೆ ಇಳಿದಿರುತ್ತದೆ. ಪಾದ್ರಿ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ 'ಎಡ್ಮಂಡಸ್' ಎಂದು ಬರೆದು, ಜಾಗ ಸಾಲದೆ 'ಎಡ್' ಎಂದು ಮೊಟಕುಮಾಡಿರುತ್ತಾನೆ. ಅದು ಎಡ್ವರ್ಡ್ ಕೂಡ ಆಗಬಹುದು, ಎಡ್ಮಂಡ್ ಕೂಡ. ಮಗಳು ಹಿಂದಿನಿಂದ ಬಗ್ಗಿ ನೋಡಿ, "ಅಪ್ಪ, ನಿಮ್ಮ ಉತ್ತರಪತ್ರಿಕೆ ತಿದ್ದೋ ಚಟ ಇನ್ನೂ ಹೋಗಿಲ್ಲ" ಎಂದಳು.

ಹುಟ್ಟನ್ನು ಅಲ್ಲಿಗೇ ಬಿಟ್ಟು ಬದುಕಿನ ಕಡೆ ತಿರುಗಿದೆ. ನಟನೊಬ್ಬನ ಬದುಕು ಪತ್ರಿಕೆಯಲ್ಲಿರುತ್ತದೆ, ಅದರಲ್ಲೂ 'ದಿ ಈರಾ' ಎಂಬ ವಾರಪತ್ರಿಕೆಯಲ್ಲಿ. 1838ರಲ್ಲಿ ಅದು ಹುಟ್ಟಿದ್ದು ಲೈಸೆನ್ಸಿನ ಹೆಂಡದಂಗಡಿಯವರ ಪತ್ರಿಕೆಯಾಗಿ. ಬರಬರುತ್ತ ರಂಗಭೂಮಿಯವರ ಪತ್ರಿಕೆಯಾಯಿತು, ಗಿರಾಕಿಗಳು ಒಬ್ಬರೇ ಅಲ್ಲವೆ. ಯಾವ ಊರಲ್ಲಿ ಯಾವ ಕಂಪನಿ ಬೀಡುಬಿಟ್ಟಿದೆ, ಯಾರು ಕೆಲಸ ಹುಡುಕುತ್ತಿದ್ದಾರೆ, ಎಲ್ಲ ಅದರಲ್ಲಿ. ನಮ್ಮ ಕಂಪನಿ ನಾಟಕದವರ ಹಾಗೆಯೇ ಫಾಲ್ಕನರ್ ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದವರು, ನಲವತ್ತು ದಾಟುವವರೆಗೆ ಊರೂರು ಅಲೆದವರು. 1854ರಲ್ಲಿ ಲಿವರ್‌ಪೂಲಿನ ಅಡೆಲ್ಫಿ ರಂಗಮಂದಿರದಲ್ಲಿ ಒಂದೇ ರಾತ್ರಿ ಎರಡು ಪಾತ್ರ ಮಾಡಿದ್ದಾರೆ. ಮೊದಲು ಹ್ಯಾಮ್ಲೆಟ್. ಅದು ಮುಗಿದ ಮೇಲೆ ಮೂರು ಬೆರಳಿನ ಜಾಕ್, ಅಂದರೆ ಜಮೈಕಾದ ಕಬ್ಬಿನ ತೋಟದಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮ ಬಂಡಾಯಗಾರ. ಡೆನ್ಮಾರ್ಕಿನ ರಾಜಕುಮಾರನ ಕರಿಯ ಅಂಗಿ ಕಳಚಿ, ಮುಖಕ್ಕೆ ಮಸಿ ಬಳಿದುಕೊಂಡು, ಪಿಸ್ತೂಲು ಹಿಡಿದು ಮತ್ತೆ ರಂಗಕ್ಕೆ ಬರುವ ಆ ನಲವತ್ತರ ಮನುಷ್ಯ ನನ್ನ ಕಣ್ಣಿಗೆ ಕಟ್ಟಿಬಿಟ್ಟ. ಅಲ್ಲಿಯವರೆಗೆ ನನಗೆ ಅವರು ಒಂದು ಹೆಸರಾಗಿದ್ದರು. ಅಂದಿನಿಂದ ಒಬ್ಬ ಮನುಷ್ಯ ಆದರು, ಬೆವರುವ, ದಣಿಯುವ ಮನುಷ್ಯ.

ಲಂಡನ್ನಿಗೆ ಬಂದದ್ದು ಅದರ ಮೇಲೆ. 1856ರಲ್ಲಿ ಲೈಸಿಯಂ ರಂಗಮಂದಿರದಲ್ಲಿ 'ದಿ ಕ್ಯಾಗಟ್' ಎಂಬ ಅವರ ನಾಟಕ ಗೆದ್ದಿತು. ಮರುವರ್ಷ ಬಾಲ್ಫ್ ಅವರ 'ದಿ ರೋಸ್ ಆಫ್ ಕ್ಯಾಸ್ಟೀಲ್' ಆಪೆರಾಕ್ಕೆ, ಆಗಸ್ಟಸ್ ಹ್ಯಾರಿಸ್ ಎಂಬುವರ ಜೊತೆ ಸೇರಿ, ಸಾಹಿತ್ಯ ಒದಗಿಸಿದರು. ಈ ಆಪೆರಾದ ಹೆಸರನ್ನು ನಿಮ್ಮಲ್ಲಿ ಕೆಲವರು ಎಲ್ಲಿಯೋ ಓದಿರಬೇಕು. ಜೇಮ್ಸ್ ಜಾಯ್ಸ್‌ನ 'ಯುಲಿಸೀಸ್'ನಲ್ಲಿ ಪತ್ರಿಕಾ ಕಚೇರಿಯ ಒಬ್ಬ ಪೋಕರಿ ಒಂದು ಒಗಟು ಹೇಳುತ್ತಾನೆ. ರೈಲು ಹಳಿಯನ್ನು ಹೋಲುವ ಆಪೆರಾ ಯಾವುದು ಎಂದು ಕೇಳಿ, ಇದರ ಹೆಸರನ್ನೇ ಉತ್ತರವಾಗಿ ಕೊಡುತ್ತಾನೆ. ಇಂಗ್ಲಿಷಿನಲ್ಲಿ ಬೇಗ ಹೇಳಿದರೆ 'ಎರಕದ ಉಕ್ಕಿನ ಸಾಲುಗಳು' ಎಂದು ಕೇಳಿಸುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಒಗಟನ್ನು ಹುಡುಗರಿಗೆ ವಿವರಿಸುವಾಗ ಬಾಲ್ಫ್ ಹೆಸರು ಹೇಳಿದ್ದೆನೇ ಹೊರತು, ಆ ಆಪೆರಾದ ಮಾತುಗಳನ್ನು ಯಾರೋ ಕೂತು ಬರೆದಿರಬೇಕು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಇನ್ನೊಂದು ಸೋಜಿಗ ನೋಡಿ. 'ಯುಲಿಸೀಸ್' ಅಚ್ಚಾದದ್ದು 1922ರ ಫೆಬ್ರುವರಿಯಲ್ಲಿ, ದಾಖಲೆ ಮನೆ ಸುಟ್ಟದ್ದು ಅದೇ ವರ್ಷ ಜೂನಿನಲ್ಲಿ.

1860ರಲ್ಲಿ ಡಯಾನ್ ಬೂಸಿಕಾಲ್ಟ್ ಬರೆದ 'ದಿ ಕೊಲೀನ್ ಬಾನ್' ಲಂಡನ್ನಿನ ಅಡೆಲ್ಫಿಯಲ್ಲಿ ಇನ್ನೂರಕ್ಕೂ ಹೆಚ್ಚು ರಾತ್ರಿ ನಡೆಯಿತು. ಬೂಸಿಕಾಲ್ಟ್ ಕೂಡ ಡಬ್ಲಿನ್ನಿನವರೇ. ಅದರಲ್ಲಿ ಡ್ಯಾನಿ ಮ್ಯಾನ್ ಎಂಬ ಗೂನುಬೆನ್ನಿನ ಅಂಬಿಗ ಬರುತ್ತಾನೆ. ಧಣಿಯ ಮೇಲಿನ ಕುರುಡು ನಿಷ್ಠೆಯಿಂದ ಒಂದು ಮುಗ್ಧ ಹೆಣ್ಣನ್ನು ನೀರಿಗೆ ನೂಕುವವನು. ಆ ಪಾತ್ರ ಫಾಲ್ಕನರ್ ಅವರದು. ಐರಿಷ್ ಬದುಕನ್ನು ಮೆಲೊಡ್ರಾಮಾ ಮಾಡಿ ಲಂಡನ್ನಿಗೆ ಮಾರಬಹುದು ಎಂದು ಅವರು ಕಣ್ಣಾರೆ ಕಂಡದ್ದು ಅಲ್ಲಿ ಎಂದು ನನ್ನ ಅಂದಾಜು. ಏಕೆಂದರೆ ಮುಂದಿನ ವರ್ಷವೇ, 1861ರ ನವೆಂಬರಿನಲ್ಲಿ, ತಾವೇ ಲೈಸಿಯಂ ವಹಿಸಿಕೊಂಡು 'ಪೀಪ್ ಓ ಡೇ' ಆಡಿಸಿದರು. ನಸುಕಿನ ಹೊತ್ತು ಎಂದು ಅರ್ಥ. ಕಿಲ್ಕೆನ್ನಿಯ ಬಾನಿಮ್ ಸಹೋದರರ ಕಥೆಗಳಿಂದ ಎತ್ತಿಕೊಂಡ ವಸ್ತು. ಅದು ಮುನ್ನೂರು ರಾತ್ರಿ ದಾಟಿತು. ಜನ ಮುಗಿಬಿದ್ದದ್ದು ಕಲ್ಲುಗಣಿಯ ದೃಶ್ಯಕ್ಕೆ. ಖಳನ ಕಡೆಯವನು ನಾಯಕಿಯನ್ನು ಕೊಲ್ಲಲು ಆಳದ ಗಣಿಗೆ ಕರೆತಂದಿರುತ್ತಾನೆ, ಮೇಲಿನಿಂದ ನಾಯಕ ಮರದ ಕೊಂಬೆ ಹಿಡಿದು ಜೋತು ಕೆಳಗೆ ಧುಮುಕುತ್ತಾನೆ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ರಂಗಕ್ಕೆ ನಿಜವಾದ ಆನೆ ಬಂತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಬಗೆಯ ಬೆರಗು.

ಆ ಕಾಲದ ನಾಟಕಗಳ ಹಸ್ತಪ್ರತಿ ಉಳಿದಿರುವುದಕ್ಕೆ ನಾವು ಯಾರಿಗೆ ಋಣಿ ಗೊತ್ತೆ? ಸೆನ್ಸಾರಿನವರಿಗೆ. 1843ರ ರಂಗಭೂಮಿ ಕಾಯಿದೆಯ ಪ್ರಕಾರ, ಯಾವ ಹೊಸ ನಾಟಕವನ್ನೇ ಆಗಲಿ ಆಡುವ ಏಳು ದಿನ ಮೊದಲು ಅದರ ಒಂದು ಪ್ರತಿಯನ್ನು ಅರಮನೆಯ ಲಾರ್ಡ್ ಚೇಂಬರ್‌ಲಿನ್ ಕಚೇರಿಗೆ ಕಳಿಸಬೇಕಿತ್ತು, ಜೊತೆಗೆ ಎರಡು ಗಿನಿ ಮೀರದ ಶುಲ್ಕ. ಓದಿ ಒಪ್ಪಿಗೆ ಕೊಡುತ್ತಿದ್ದವರು, ಫಾಲ್ಕನರ್ ಕಾಲದಲ್ಲಿ, ವಿಲಿಯಂ ಬಾಡಮ್ ಡಾನ್ ಎಂಬ ವಿದ್ವಾಂಸರು. ಕಚೇರಿ ಆ ಪ್ರತಿಗಳನ್ನು ಎಸೆಯಲಿಲ್ಲ. 1824ರಿಂದಾಚೆಯವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜನರನ್ನು ಎಣಿಸಿದ ಹಾಳೆಯನ್ನು ಅರೆದ ಸರ್ಕಾರ ನಾಟಕದವರ ಮೇಲೆ ಗುಮಾನಿಯಿಂದ ತರಿಸಿಕೊಂಡ ಹಾಳೆಯನ್ನು ಜೋಪಾನ ಮಾಡಿತು.

ಆ ಲೈಬ್ರರಿಗೆ ನಾನು ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಹಸ್ತಪ್ರತಿಯ ಸಂಪುಟವನ್ನು ಮೆತ್ತನೆಯ ದಿಂಬಿನ ಮೇಲೆ ಮಲಗಿಸುತ್ತಾರೆ, ಪುಟ ಮಗುಚದಂತೆ ತೂಕದ ಮಣಿಸರವೊಂದನ್ನು ಅದರ ಮೇಲೆ ಅಡ್ಡ ಹಾಸುತ್ತಾರೆ. ಮನೆಯಲ್ಲಿ ಮೊಮ್ಮಗನಿಗೆ ಮಾಡುತ್ತಿದ್ದ ಉಪಚಾರವೇ. ಒಳಗಿನ ಬರಹ ನಾಟಕಕಾರರದಲ್ಲ, ಕೂಲಿಗೆ ನಕಲು ಮಾಡುವವರದು. ಆರಂಭದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಮೂರನೆಯ ಅಂಕಕ್ಕೆ ಬರುವಾಗ ಓಡುವ ಅಕ್ಷರ. ಏಳು ದಿನದ ಗಡುವು ಆ ಬರಹದಲ್ಲೇ ಕಾಣುತ್ತದೆ.

ಲೈಸಿಯಂನಲ್ಲಿ ಗಳಿಸಿದ್ದನ್ನು ಫಾಲ್ಕನರ್ ಡ್ರೂರಿ ಲೇನ್‌ಗೆ ಸುರಿದರು. 1862ರ ಕೊನೆಯಿಂದ 1866ರವರೆಗೆ ಎಫ್. ಬಿ. ಚಾಟರ್‌ಟನ್ ಎಂಬುವರ ಜೊತೆ ಆ ಮಹಾ ರಂಗಮಂದಿರವನ್ನು ನಡೆಸಿದರು. ಸ್ಯಾಮ್ಯುಯೆಲ್ ಫೆಲ್ಪ್ಸ್‌ನಂಥ ನಟನನ್ನು ಕರೆತಂದು ಬೈರನ್ನನ 'ಮ್ಯಾನ್‌ಫ್ರೆಡ್' ಮಾಡಿಸಿದರು. ಷೇಕ್ಸ್‌ಪಿಯರ್ ಹುಟ್ಟಿದ ಮುನ್ನೂರನೆಯ ವರ್ಷ 1864ರಲ್ಲಿ 'ನಾಲ್ಕನೆಯ ಹೆನ್ರಿ' ಮಾಡಿಸಿದರು. ಷೇಕ್ಸ್‌ಪಿಯರ್ ಆಡಿದವನು ಹಾಳಾಗುತ್ತಾನೆ, ಬೈರನ್ ಆಡಿದವನು ದಿವಾಳಿಯೇಳುತ್ತಾನೆ ಎಂಬ ಅರ್ಥದ ಮಾತೊಂದು ಚಾಟರ್‌ಟನ್ ಹೆಸರಿಗೆ ಅಂಟಿಕೊಂಡಿದೆ. ಫಾಲ್ಕನರ್ ಕಳೆದುಕೊಂಡು ಹೊರಬಂದರು.

ಬಂದವರು ಅದೇ 1866ರಲ್ಲಿ ಹರ್ ಮೆಜೆಸ್ಟೀಸ್ ರಂಗಮಂದಿರದಲ್ಲಿ 'ಊನಾ' ಎಂಬ ಹೊಸ ನಾಟಕ ತೆಗೆದರು. ಇಂದಿಗೂ ರಂಗಚರಿತ್ರೆಯ ಪುಸ್ತಕಗಳಲ್ಲಿ ಫಾಲ್ಕನರ್ ಹೆಸರು ಬಂದರೆ ಈ ಒಂದು ರಾತ್ರಿಯ ನಗೆಗಾಗಿ ಬರುತ್ತದೆ. ನಾಟಕ ಮುಗಿಯಲೇ ಇಲ್ಲ. ನಡುರಾತ್ರಿ ಕಳೆಯಿತು, ಪ್ರೇಕ್ಷಕರು ಒಬ್ಬೊಬ್ಬರಾಗಿ ಎದ್ದು ಹೋದರು, ಕೊನೆಗೆ ರಂಗದ ಬಡಗಿಗಳೇ ತಾಳ್ಮೆಗೆಟ್ಟು ನಾಟಕ ನಿಲ್ಲಿಸಿದರು ಎಂದು ಕಥೆ. ಒಬ್ಬರು ಪರದೆ ಬಿಟ್ಟರು ಎನ್ನುತ್ತಾರೆ, ಇನ್ನೊಬ್ಬರು ನಟರ ಕಾಲಡಿಯ ಜಮಖಾನವನ್ನೇ ಎಳೆದರು ಎನ್ನುತ್ತಾರೆ. ಒಬ್ಬೊಬ್ಬರು ಹೇಳಿದಂತೆಲ್ಲ ಗಡಿಯಾರ ಮುಂದೆ ಹೋಗುತ್ತದೆ. ಬೆಳತನಕ ಯಕ್ಷಗಾನ ನೋಡುವ ಸೀಮೆಯಿಂದ ಹೋದ ನನಗೆ ಇದರಲ್ಲಿ ನಗುವಂಥದ್ದೇನು ಎಂದೇ ಮೊದಲು ಅರ್ಥವಾಗಲಿಲ್ಲ. ಮುನ್ನೂರು ರಾತ್ರಿಯ ಗೆಲುವನ್ನು ಎರಡು ಸಾಲಲ್ಲಿ ಮುಗಿಸಿ, ಒಂದು ರಾತ್ರಿಯ ಸೋಲನ್ನು ಚಪ್ಪರಿಸಿಕೊಂಡು ಹೇಳುವ ಚರಿತ್ರಕಾರರ ಮೇಲೆ ನನಗೆ ಬೇಸರವಿದೆ.

ಅದಾದ ಮೇಲೆ ಅಮೆರಿಕಕ್ಕೆ ಹೋದರು, ಬಂದರು. 1871ರಲ್ಲಿ ಪ್ರಿನ್ಸೆಸ್ ರಂಗಮಂದಿರದಲ್ಲಿ 'ಐಲೀನ್ ಓಗ್' ಆಡಿಸಿದರು. ಇಲ್ಲಿ ನಾನು ಹಳ್ಳಕ್ಕೆ ಬಿದ್ದೆ. ಅದೇ ಹೆಸರಿನ ಜನಪ್ರಿಯ ಹಾಡೊಂದು ಸಿಕ್ಕಿತು, ಇವರದೇ ಇರಬೇಕೆಂದು ನಾಲ್ಕು ಪುಟ ಟಿಪ್ಪಣಿ ಮಾಡಿದೆ. ಆಮೇಲೆ ನೋಡಿದರೆ ಅದು ಪರ್ಸಿ ಫ್ರೆಂಚ್ ಬರೆದದ್ದು, ಅವರು ಹುಟ್ಟಿದ್ದೇ 1854ರಲ್ಲಿ. ನಾಲ್ಕೂ ಪುಟ ಹರಿದೆ, ಅವುಗಳ ಹಿಂಬದಿಯಲ್ಲಿ ಹೆಂಡತಿ ಅಂಗಡಿ ಸಾಮಾನಿನ ಪಟ್ಟಿ ಬರೆದುಕೊಂಡಳು.

1879ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕೆಪೆಲ್ ಬೀದಿಯಲ್ಲಿ ಫಾಲ್ಕನರ್ ತೀರಿಕೊಂಡರು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಒಂಬತ್ತು ವರ್ಷ ಮೊದಲು ತೀರಿಕೊಂಡ ಬಾಲ್ಫ್ ಕೂಡ ಅಲ್ಲೇ ಮಲಗಿದ್ದಾರೆ.

ಊರಿಗೆ ಹೊರಡುವ ಹಿಂದಿನ ವಾರ, ಅವರ ಕವನ ಪುಸ್ತಕಗಳ ಪಟ್ಟಿ ನೋಡುತ್ತಿದ್ದೆ. ನಾಟಕಕಾರರ ಕವನ ಯಾರಿಗೆ ಬೇಕು ಎಂದು ಅಷ್ಟು ದಿನ ಬದಿಗಿಟ್ಟಿದ್ದೆ. 1865ರಲ್ಲಿ, ಡ್ರೂರಿ ಲೇನ್‌ನಲ್ಲಿ ಹಣ ಕರಗುತ್ತಿದ್ದ ದಿನಗಳಲ್ಲಿ, ಒಂದು ಸಂಕಲನ ತಂದಿದ್ದಾರೆ. ಉದ್ದನೆಯ ಹೆಸರು. ಆ ಹೆಸರಿನೊಳಗೇ ಬರುವ ಒಂದು ಕವನದ ಶೀರ್ಷಿಕೆ 'ಓರುವಾರ್ಕನ ಮಡದಿ, ಅಥವಾ ಪಚ್ಚೆಯೊಳಗಿನ ರಕ್ತದ ಕಿಡಿ' ಎಂಬಂತಿದೆ. ಐರ್ಲೆಂಡಿನವರಿಗೆ ಈ ಕಥೆ ಹೇಳಿಕೊಡಬೇಕಿಲ್ಲ. ಬ್ರೆಫ್ನಿಯ ಅರಸ ಟಿಯರ್ನನ್ ಓರೂರ್ಕ್‌ನ ಹೆಂಡತಿ ಡೆರ್ವೊರ್ಗಿಲ್ಲಾಳನ್ನು ಲೆನ್‌ಸ್ಟರಿನ ಅರಸ ಡರ್ಮಟ್ ಮ್ಯಾಕ್‌ಮರೊ 1152ರಲ್ಲಿ ಕರೆದೊಯ್ದ. ಆ ಹಗೆ ಬೆಳೆದು, ಡರ್ಮಟ್ ರಾಜ್ಯ ಕಳೆದುಕೊಂಡು, ಇಂಗ್ಲೆಂಡಿನ ದೊರೆಯ ಸಹಾಯ ಬೇಡಿ, 1169ರಲ್ಲಿ ನಾರ್ಮನ್ ಪಡೆ ಐರ್ಲೆಂಡಿನಲ್ಲಿ ಇಳಿಯಿತು. ಐರ್ಲೆಂಡಿನ ಜನ ಅದನ್ನೇ ತಮ್ಮ ದಾಸ್ಯದ ಮೊದಲ ದಿನ ಎಂದುಕೊಳ್ಳುತ್ತಾರೆ.

ಓರುವಾರ್ಕ್ ಎಂದರೆ ಓರೂರ್ಕ್. ಲಂಡನ್ನಿನ ಭಿತ್ತಿಪತ್ರಗಳಿಂದೆಲ್ಲ ಕೈಬಿಟ್ಟ ಮನೆತನದ ಹೆಸರನ್ನು ಐವತ್ತು ದಾಟಿದ ಆ ಮನುಷ್ಯ ತನ್ನ ಪುಸ್ತಕದ ಮುಖಪುಟದ ಮೇಲೆ ಅಚ್ಚು ಹಾಕಿಸಿದ್ದ, ಲೇಖಕನ ಹೆಸರು ಬರುವ ಜಾಗ ಬಿಟ್ಟು. ಗ್ರಂಥಾಲಯದ ಆ ಮೇಜಿನ ಮುಂದೆ ನಾನು ಸ್ವಲ್ಪ ಹೊತ್ತು ಪೆನ್ಸಿಲ್ ಕೆಳಗಿಟ್ಟು ಕೂತಿದ್ದೆ.

ಅಂದು ಸಂಜೆ ಮನೆಗೆ ಬಂದಾಗ ಮಗು ರಚ್ಚೆ ಹಿಡಿದಿತ್ತು. ಅಳಿಯ ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಆ ಕಡೆ ಈ ಕಡೆ ನಡೆಯುತ್ತಿದ್ದ. ಜಾನ್ ಮ್ಯಾಕರ್ಮಕ್ ಎಂಬ ಐರಿಷ್ ಗಾಯಕ 'ಕಿಲಾರ್ನಿ'ಯನ್ನು ಹಾಡಿ ಧ್ವನಿಮುದ್ರಿಸಿದ್ದಾರೆ. ಅದನ್ನು ಹುಡುಕಿ ಸಣ್ಣ ದನಿಯಲ್ಲಿ ಹಾಕಿದೆ. ಹಳೆಯ ತಟ್ಟೆಯ ಕರಕರ ಸದ್ದು, ಅದರ ಹಿಂದಿನಿಂದ ಆ ದನಿ. ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ಚೆನ್ನಾಗಿದೆಯಲ್ಲ ಮಾವ, ಯಾರದು ಈ ಹಾಡು?" ಎಂದು ಅಳಿಯ ಪಿಸುಗುಟ್ಟಿದ.

"ಬಾಲ್ಫ್‌ದು" ಎಂದುಬಿಟ್ಟೆ.